ಮೀನಿಗೊಂದು ಚಮಚ

ಬೆರಳುದ್ದದ ತಗಡು. ಒಂದು ಮಗ್ಗಲು ಹಿತ್ತಾಳೆ ಬಣ್ಣ, ಇನ್ನೊಂದು ಮಗ್ಗಲು ಬೆಳ್ಳಿ ಬಣ್ಣ. ತಲೆ ಸಣ್ಣದು, ಬುಡ ಅಗಲ, ನಡುವೆ ತುಸು ತಗ್ಗು. ಊಟದ ಚಮಚದ ಹಿಡಿಕೆ ಮುರಿದು ಇಟ್ಟ ಹಾಗೆ. ಎರಡೂ ತುದಿಗೆ ಒಂದೊಂದು ತೂತು. ಬುಡದ ತೂತಿಗೆ ಉಕ್ಕಿನ ಉಂಗುರ, ಉಂಗುರಕ್ಕೆ ಮೂರು ಕೊಂಡಿಯ ಗಾಳ. ಹೊನವಾಡದಲ್ಲಿ ತಮ್ಮನ ಮಗ ಕೋರಿಯರ್‌ನಲ್ಲಿ ತರಿಸಿಕೊಂಡ ಸಾಮಾನಿದು. ಹೆಸರು ‘ಸ್ಪೂನ್’. ಪಾಕೀಟಿನ ಮೇಲೆ ಬಾತುಕೋಳಿಯ ಮೂತಿಯಿರುವ ಹಸಿರು ಮೀನಿನ ಚಿತ್ರ. “ಕಾಕಾ, ಚಮಚಾ ನುಂಗಾಕ ಮೀನಕ್ಕೇನ್ ಹುಚ್ಚ ಹಿಡದಿರತೈತೇನ್ರಿ?” ಎಂದು ಅವನೇ ಕೇಳಿದ.

ಚಿತ್ರದಲ್ಲಿರುವುದು ಪೈಕ್. ಯುರೋಪು, ಉತ್ತರ ಏಷ್ಯಾ, ಉತ್ತರ ಅಮೆರಿಕಗಳ ತಣ್ಣೀರಿನ ಬೇಟೆಗಾರ ಮೀನು. ನಮ್ಮ ದೇಶದ ನೀರಿನದಲ್ಲ. ಚಮಚದ ಹುಟ್ಟಿಗೆ ಗಾಳದವರು ಒಂದು ಕತೆ ಹೇಳುತ್ತಾರೆ. ಅಮೆರಿಕದ ವರ್ಮಾಂಟ್‌ನ ಜೂಲಿಯೋ ಬ್ಯೂಯೆಲ್ ಎಂಬಾತ ದೋಣಿಯಲ್ಲಿ ಕೂತು ಉಣ್ಣುವಾಗ ಕೈಯಲ್ಲಿದ್ದ ಚಮಚ ಕೆರೆಗೆ ಜಾರಿತಂತೆ. ಹೊಳೆಯುತ್ತ, ಹೊಯ್ದಾಡುತ್ತ ಮುಳುಗುತ್ತಿದ್ದ ಅದನ್ನು ಮೀನೊಂದು ಬಂದು ಕಚ್ಚಿಕೊಂಡು ಹೋಯಿತಂತೆ. ಕತೆ ನಿಜವೋ ಸುಳ್ಳೋ, 1852ರಲ್ಲಿ ಅವನು ಪಡೆದ ಪೇಟೆಂಟ್ ಮಾತ್ರ ನಿಜ.

ಮೀನಿಗೆ ಹುಚ್ಚು ಹಿಡಿದಿರುವುದಿಲ್ಲ, ಹಸಿವಾಗಿರುತ್ತದೆ. ನೀರಿನಲ್ಲಿ ಎಳೆದಾಗ ತಗ್ಗಿನ ಮೈಯ ತಗಡು ನೇರವಾಗಿ ಬರುವುದಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತದೆ, ಪ್ರತಿ ವಾಲಿಗೂ ಒಂದು ಮಿಂಚು. ಗಾಯಗೊಂಡು ಗುಂಪಿನಿಂದ ಹಿಂದೆ ಬಿದ್ದ ಮರಿಮೀನು ಹೀಗೆಯೇ ಈಜುತ್ತದೆ. ದೊಡ್ಡ ಮೀನು ಆರೋಗ್ಯವಂತ ಮರಿಯ ಬೆನ್ನು ಹತ್ತಿ ದಣಿಯುವುದಕ್ಕಿಂತ ಇಂಥದಕ್ಕೆ ಬಾಯಿ ಹಾಕುವುದೇ ಹೆಚ್ಚು. ತೆಳು ತಗಡಿನ ಚಮಚ ಅಗಲವಾಗಿ ತೂಗಾಡುತ್ತ ಮೇಲೆಯೇ ಬರುತ್ತದೆ. ದಪ್ಪ ತಗಡಿನದು ಬೇಗ ಆಳಕ್ಕಿಳಿದು ಚಿಕ್ಕದಾಗಿ ಅಲುಗುತ್ತದೆ. ತಿಳಿನೀರಿಗೆ ಬೆಳ್ಳಿ ಬಣ್ಣ, ಕದಡಿದ ನೀರಿಗೆ ತಾಮ್ರ, ಹಿತ್ತಾಳೆ ಎಂಬುದು ಹಳಬರ ರೂಢಿ.

ದೋಣಿಯ ಹಿಂದೆ ಚಮಚ ಎಳೆಯುವ ಕ್ರಮಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಇಪ್ಪತ್ತೈದು ಮೂವತ್ತು ಮೀಟರ್ ದಾರ ಬಿಟ್ಟು, ಮನುಷ್ಯ ನಿಧಾನ ನಡೆಯುವ ವೇಗದಲ್ಲಿ ಹುಟ್ಟು ಹಾಕಬೇಕು. ವೇಗ ಹೆಚ್ಚಾದರೆ ಚಮಚ ವಾಲುವುದನ್ನು ಬಿಟ್ಟು ಗಿರಗಿರ ತಿರುಗಿ ದಾರವನ್ನೆಲ್ಲ ಹುರಿಗಟ್ಟಿಸುತ್ತದೆ. ಕಡಿಮೆಯಾದರೆ ತಳಕ್ಕಿಳಿದು ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ದಾರ ಬಿಡುವ ಮೊದಲು ದೋಣಿಯ ಮಗ್ಗುಲಲ್ಲೇ ನೀರಿಗಿಳಿಸಿ, ಅದು ಹೇಗೆ ವಾಲುತ್ತಿದೆ ಎಂದು ಕಣ್ಣಾರೆ ನೋಡಿಕೊಳ್ಳುತ್ತಾರೆ. ಚಮಚ ಸರಿಯಾಗಿ ಆಡುತ್ತಿದ್ದರೆ ರಾಡಿನ ತುದಿ ಒಂದೇ ಸಮನೆ ನಡುಗುತ್ತಿರುತ್ತದೆ. ನಡುಕ ನಿಂತರೆ ಜೊಂಡು ಸುತ್ತಿಕೊಂಡಿದೆ ಎಂದೇ ಲೆಕ್ಕ. ಎಳೆದು ಬಿಡಿಸಿಕೊಳ್ಳದೆ ಇಡೀ ಕೆರೆ ಸುತ್ತಿದರೂ ವ್ಯರ್ಥ. ದಾರ ಮತ್ತು ಚಮಚದ ನಡುವೆ ತಿರುಗಣಿ, ಅಂದರೆ ಸ್ವಿವೆಲ್, ಬೇಕೇ ಬೇಕು. ಪೈಕ್ ಹಿಡಿಯುವವರು ಸ್ವಿವೆಲ್ ಮುಂದೆ ಗೇಣುದ್ದಕ್ಕಿಂತ ಹೆಚ್ಚಿನ ಉಕ್ಕಿನ ತಂತಿ ಕಟ್ಟುತ್ತಾರೆ. ಅದರ ಬಾಯ ತುಂಬ ಸೂಜಿಯಂಥ ಹಲ್ಲು; ಬರಿಯ ದಾರವಾದರೆ ಕ್ಷಣದಲ್ಲಿ ತುಂಡು.

ನಮ್ಮಲ್ಲಿ ಈ ಚಮಚಕ್ಕೆ ಸಿಕ್ಕ ಎದುರಾಳಿ ಮಹಶೀರ್. ಅದರ ದವಡೆಯಲ್ಲಿ ಹಲ್ಲೇ ಇಲ್ಲ. ಹಲ್ಲಿರುವುದು ಗಂಟಲಲ್ಲಿ, ಏಡಿ, ಕಪ್ಪೆಚಿಪ್ಪುಗಳನ್ನು ಅಲ್ಲೇ ಅರೆದು ನುಂಗುವ ಮೀನದು. ಹೀಗಾಗಿ ಪೈಕ್‌ಗೆ ಬೇಕಾದ ತಂತಿ ಇದಕ್ಕೆ ಬೇಡ, ಬೇಕಾದದ್ದು ಗಟ್ಟಿ ಗಾಳ, ಗಟ್ಟಿ ಉಂಗುರ. ಅಗ್ಗದ ಗಾಳವನ್ನು ಜಜ್ಜಿ, ನೆಟ್ಟಗೆ ಮಾಡಿ ಬಿಸಾಡುತ್ತದೆ. ಕಚ್ಚಿದ ಕೂಡಲೇ ಹರಿವಿನ ಜೊತೆ ಕೆಳಕ್ಕೆ ಓಡುವ ಮೀನು ಇದು. ರೀಲಿನಲ್ಲಿ ಉದ್ದನೆಯ ದಾರವಿಲ್ಲದವನು ಮೊದಲ ಓಟದಲ್ಲೇ ಸೋತ. ಉಳಿದ ದಾರವನ್ನು ಕಾವೇರಿಯ ಬಂಡೆಗಳು ಕೊಯ್ಯುತ್ತವೆ.

ಈ ಹವ್ಯಾಸಕ್ಕೆ ಕನ್ನಡ ನೆಲದ್ದೇ ಒಂದು ಚರಿತ್ರೆ ಇದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಹೊರಬಂತು. ಮಹಶೀರ್ ಹಿಡಿಯುವವರಿಗೆ ಅದು ಮೊದಲ ಪಾಠದ ಪುಸ್ತಕ. ಹುಲಿ ಚಿರತೆಗಳ ಚರ್ಮ ತುಂಬುವ ಕೆಲಸಕ್ಕೆ ಲೋಕವಿಖ್ಯಾತವಾಗಿದ್ದ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕಿಲೋ ತೂಗುವ ಮಹಶೀರ್ ಹಿಡಿದರು. ಸ್ವಾತಂತ್ರ್ಯದ ನಂತರ ಈ ಮೀನನ್ನು ಜಗತ್ತು ಮರೆತೇಬಿಟ್ಟಿತ್ತು. 1970ರ ದಶಕದ ಕೊನೆಗೆ ಮೂವರು ಇಂಗ್ಲಿಷ್ ಯುವಕರು ಬಂದು ಕಾವೇರಿಯಲ್ಲಿ ದೊಡ್ಡ ಮೀನುಗಳನ್ನು ಹಿಡಿದ ಮೇಲೆ ಮತ್ತೆ ಸುದ್ದಿಯಾಯಿತು. ಅಷ್ಟರಲ್ಲಿ ಬೆಂಗಳೂರಿನ ಹವ್ಯಾಸಿಗಳು 1972ರಲ್ಲೇ ದಕ್ಷಿಣ ಭಾರತ ವನ್ಯಜೀವಿ ಸಂಘ ಕಟ್ಟಿ ನದಿಯನ್ನು ಕಾಯತೊಡಗಿದ್ದರು. ಮುಂದೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಶಿಬಿರಗಳು ಬಂದವು. ತೋಟೆ ಸಿಡಿಸಿ ಮೀನು ಹೊಡೆಯುತ್ತಿದ್ದವರಲ್ಲಿ ಕೆಲವರು ಅಲ್ಲೇ ಸಂಬಳಕ್ಕೆ ನಿಂತು ನದಿಯ ಕಾವಲುಗಾರರಾದರು, ಹರಿಗೋಲು ನಡೆಸಿದರು. ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು, ನೀರಿಗೇ ಬಿಡುವುದು ಅಲ್ಲಿಯ ನೇಮವಾಗಿತ್ತು. ಅಲ್ಲಿ ಚಮಚಕ್ಕಿಂತ ಹೆಚ್ಚು ಹೆಸರು ಮಾಡಿದ್ದು ಬೇಯಿಸಿ ನಾದಿದ ರಾಗಿ ಹಿಟ್ಟಿನ ಉಂಡೆ. ರೊಟ್ಟಿ ಉಣ್ಣುವ ನಮ್ಮ ಸೀಮೆಯವರಿಗೆ ನಗು ಬರಬಹುದು, ಕಾವೇರಿಯ ಮೀನಿಗೂ ಮುದ್ದೆಯೇ ಬೇಕು.

ಇಲ್ಲಿಂದ ಮುಂದಿನ ಕತೆಗೆ ನಮ್ಮ ವಿಜಯಪುರ ಜಿಲ್ಲೆಯ ನೀರಿನ ನಂಟಿದೆ. ಕರ್ನಲ್ ಸೈಕ್ಸ್ ಎಂಬಾತ 1839ರಲ್ಲಿ ಪುಣೆಯ ಹತ್ತಿರದ ಮುಳಾ-ಮುಠಾ ನದಿಯ ಮಹಶೀರನ್ನು ವಿವರಿಸಿ ಅದಕ್ಕೆ ‘ಖುದ್ರೀ’ ಎಂಬ ಹೆಸರು ಕೊಟ್ಟ. ಆ ನದಿಯ ನೀರು ಸೇರುವುದು ಭೀಮೆಯನ್ನು; ಭೀಮೆ ಇಂಡಿ, ಸಿಂದಗಿ ಸೀಮೆಯ ಅಂಚು ತೊಳೆದುಕೊಂಡು ಕೃಷ್ಣೆಗೆ ಹೋಗುತ್ತದೆ. ಅಂದರೆ ನೀಲಿ ರೆಕ್ಕೆಯ ಖುದ್ರೀ ನಮ್ಮ ಕಣಿವೆಯ ಮೀನು. ಅಣೆಕಟ್ಟುಗಳಿಂದ ಮಹಶೀರ್ ಕಡಿಮೆಯಾಗುತ್ತಿದೆ ಎಂದು ಟಾಟಾ ವಿದ್ಯುತ್ ಕಂಪನಿ ಲೋನಾವಳದಲ್ಲಿ ಇದರ ಮರಿ ಮಾಡಿಸಿತು. 1970ರ ದಶಕದಿಂದ ಆ ಮರಿಗಳು ಊರೂರಿಗೆ ಹೋದವು, ಕಾವೇರಿಗೂ ಹೋದವು. ಮೀನು ಹೆಚ್ಚಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ ಬಿಟ್ಟದ್ದು. ಕಾವೇರಿಗೆ ಅದರದೇ ಆದ ಮಹಶೀರ್ ಬೇರೆ ಇತ್ತು: ಎತ್ತರದ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆ, ದಾಖಲೆ ತೂಕದ ಮೈ. ಅದಕ್ಕೆ ಆಗ ಶಾಸ್ತ್ರೀಯ ಹೆಸರೂ ಗಟ್ಟಿಯಾಗಿರಲಿಲ್ಲ.

ಏನಾಯಿತೆಂದು ತಿಳಿದದ್ದು ಗಾಳದವರ ವಹಿಯಿಂದ. ಗಾಳಿಬೋರೆ ಶಿಬಿರದಲ್ಲಿ ದಿನವೂ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ತೂಕದ ಮೀನು ಸಿಕ್ಕಿತು ಎಂದು ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಕೂಡಿ ನೋಡಿದರು: 23,620 ಗಂಟೆಗಳ ಗಾಳ, 6,161 ಮಹಶೀರ್, 1 ಪೌಂಡಿನಿಂದ 104 ಪೌಂಡಿನವರೆಗೆ. ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಏರಿದ್ದು ನೀಲಿ ರೆಕ್ಕೆಯದು. ಡುಬ್ಬದ ಮೀನಿನ ಮರಿಗಳೇ ಕಾಣದಾಗಿದ್ದವು. ಕೇರಳದ ಪಂಬಾರ್ ನದಿಯಲ್ಲಿ ಗುರುತಿಸಿದ್ದ ‘ಟಾರ್ ರೆಮಾದೇವಿ’ಯೇ ಈ ಡುಬ್ಬದ ಮೀನು ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಸಾಲಿಗೆ ಸೇರಿತು.

ವಹಿ 2012ಕ್ಕೆ ನಿಂತಿರುವುದಕ್ಕೆ ಕಾರಣವಿದೆ. ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಎಂದಾಯಿತು, ಶಿಬಿರಗಳಲ್ಲಿ ರಾಡುಗಳು ಮೂಲೆ ಸೇರಿದವು. ಕಾನೂನಿನ ಮಾತಿನಲ್ಲಿ ತಪ್ಪಿಲ್ಲ. ತೂಗಿ ಬಿಟ್ಟರೂ ಮೀನಿಗೆ ಗಾಯ ಗಾಯವೇ. ಹೊರಗಿನ ಮೀನನ್ನು ತಂದು ಬಿಡುವಾಗ ಗಾಳದವರೂ ಕೈಜೋಡಿಸಿದ್ದರು ಎಂಬುದನ್ನು ಮರೆಯುವಂತಿಲ್ಲ. ಆದರೆ ತೋಟೆ ಹಾಕುವವನಿಗೆ ಕಾಯ್ದೆಯ ಪುಸ್ತಕಕ್ಕಿಂತ ಮಡುವಿನ ದಂಡೆಯಲ್ಲಿ ರಾತ್ರಿ ಹಗಲು ಕೂತ ಮನುಷ್ಯನ ಹೆದರಿಕೆ ಹೆಚ್ಚಿತ್ತು. ಅರಣ್ಯ ಇಲಾಖೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ವರ್ಷಕ್ಕೆ ಕೆಲವು ದಿನ, ಎಣಿಸುವುದಕ್ಕಷ್ಟೇ ಗಾಳ ಹಾಕಲು ಬಿಟ್ಟರೆ ಉಳಿದಿರುವ ಡುಬ್ಬದ ಮೀನೆಷ್ಟು ಎಂದಾದರೂ ಗೊತ್ತಾದೀತು. ಚಮಚ, ರಾಡು, ರೀಲು ಇವತ್ತು ಯಾವ ಹಳ್ಳಿಗೆ ಬೇಕಾದರೂ ಪಾರ್ಸಲ್ ಬರುತ್ತವೆ. ಯಾವ ಮಡುವಿನಲ್ಲಿ, ಯಾವ ತಿಂಗಳು, ಎಷ್ಟು ಆಳದಲ್ಲಿ ಆ ಮೀನು ನಿಲ್ಲುತ್ತದೆ ಎಂದು ಬಲ್ಲ ಹರಿಗೋಲಿನವರಿಗೆ ವಯಸ್ಸಾಗುತ್ತಿದೆ. ಅವರನ್ನು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಯಾವ ಪರವಾನಗಿಯೂ ಬೇಕಿಲ್ಲ. ಅದನ್ನಾದರೂ ಯಾರಾದರೂ ಈಗಲೇ ಮಾಡಬೇಕು.