ಎಕ್ಸ್‌ರೇ ಸರಿ ಇದೆ, ಆದ್ರೂ ಕಾಲು ಎತ್ತೋಕಾಗ್ತಿಲ್ವಾ? ಮಂಡಿಯ ಹಳೇ ಪೆಟ್ಟಿಗೂ ಆಪರೇಷನ್ ಇದೆ

ಚಿತ್ರದುರ್ಗ: ಮೂಟೆ ಹೊತ್ತು ಅಂಗಡಿ ಮೆಟ್ಟಿಲು ಇಳಿಯುವಾಗ ಕಾಲು ಜಾರುತ್ತೆ. ಬೀಳಬಾರದು ಅಂತ ತೊಡೆ ಬಿಗಿ ಹಿಡಿಯುವಷ್ಟರಲ್ಲಿ ಮಂಡಿಯಲ್ಲಿ 'ಟಪ್' ಅಂತ ಸದ್ದು, ಆಮೇಲೆ ಊತ. ಎಕ್ಸ್‌ರೇ ತೆಗೆಸಿದರೆ ಮೂಳೆ ಮುರಿದಿಲ್ಲ. ಅಲ್ಲಿಗೆ ಸಮಾಧಾನ ಮಾಡಿಕೊಂಡು ನೋವಿನ ಮಾತ್ರೆ, ಎಣ್ಣೆ, ನಾಟಿ ಕಟ್ಟು ಅಂತ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಅಂಥವರಿಗಾಗಿ ಈ ಮಾಹಿತಿ.

ತೊಡೆಯ ಮುಂಭಾಗದ ಮಾಂಸಖಂಡ ಕೆಳಗೆ ಬರುತ್ತಾ ಗಟ್ಟಿ ಹುರಿಯಂತಾಗಿ ಮಂಡಿ ಚಿಪ್ಪಿಗೆ ಅಂಟಿಕೊಂಡಿರುತ್ತೆ. ಚಿಪ್ಪಿನ ಕೆಳಗಿನಿಂದ ಇನ್ನೊಂದು ಹುರಿ ಮೊಣಕಾಲ ಕೆಳಗಿನ ಮೂಳೆಗೆ ಹೋಗುತ್ತೆ. ಡಾಕ್ಟರು ಇದನ್ನ ಟೆಂಡನ್ ಅಂತಾರೆ. ನಮ್ಮ ಕಡೆ ಎಲ್ಲದಕ್ಕೂ 'ಲಿಗಮೆಂಟ್ ಹೋಗಿದೆ' ಅನ್ನೋದು ರೂಢಿ, ಆದರೆ ಲಿಗಮೆಂಟ್ ಮೂಳೆಗೆ ಮೂಳೆ ಕಟ್ಟುವುದು, ಟೆಂಡನ್ ಮಾಂಸಖಂಡವನ್ನು ಮೂಳೆಗೆ ಕಟ್ಟುವುದು. ಟೆಂಡನ್ ಪೂರ್ತಿ ಹರಿದರೆ ವೈರ್ ತುಂಡಾದ ಕ್ಲಚ್ ಇದ್ದ ಹಾಗೆ. ತೊಡೆ ಎಷ್ಟು ಎಳೆದರೂ ಕಾಲು ನೆಟ್ಟಗಾಗಲ್ಲ.

ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗಾತ ಮಲಗಿ, ಮಂಡಿ ಮಡಚದೆ ಹಿಮ್ಮಡಿಯನ್ನ ನೆಲದಿಂದ ಎತ್ತಿ. ಎತ್ತೋಕೇ ಆಗದಿದ್ದರೆ, ಅಥವಾ ಚಿಪ್ಪಿನ ಮೇಲೋ ಕೆಳಗೋ ಬೆರಳು ಇಳಿಯುವಂಥ ಹಳ್ಳ ಸಿಕ್ಕರೆ, ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿದೆ ಅಂತ ಸುಮ್ಮನಿರಬೇಡಿ. ಮೂಳೆ ಡಾಕ್ಟರ ಹತ್ತಿರ ಹೋಗಿ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಚಿಪ್ಪು ಮೇಲೆ ಅಥವಾ ಕೆಳಗೆ ಸರಿದಿರುವುದು ಕಾಣಬಹುದು. ಗ್ಯಾರಂಟಿ ಮಾಡಿಕೊಳ್ಳಲು ಸ್ಕ್ಯಾನಿಂಗ್ ಅಥವಾ ಎಂಆರ್‌ಐ ಮಾಡಿಸುತ್ತಾರೆ. ಶುಗರ್ ಇದ್ದವರು, ಕಿಡ್ನಿ ತೊಂದರೆಯವರು, ಬಹಳ ದಿನ ಸ್ಟೀರಾಯ್ಡ್ ತಗೊಂಡವರಲ್ಲಿ ಸಣ್ಣ ಜಾರಿಗೂ ಟೆಂಡನ್ ಹರಿಯುತ್ತೆ.

ಎರಡು ಮೂರು ವಾರದೊಳಗೆ ಹೋದರೆ ಕೆಲಸ ಸುಲಭ. ಹರಿದ ತುದಿಯನ್ನ ಎಳೆದು ಚಿಪ್ಪಿಗೆ ಹೊಲಿಯುತ್ತಾರೆ. ತಡವಾದರೆ ತೊಡೆಯ ಮಾಂಸಖಂಡ ಮೇಲಕ್ಕೆ ಎಳೆದುಕೊಂಡು ಅಲ್ಲೇ ಕುಗ್ಗುತ್ತೆ, ಸುತ್ತ ಗಾಯದ ಗಂಟು ಕೂರುತ್ತೆ. ಆಗ ಎರಡು ತುದಿ ಒಂದಕ್ಕೊಂದು ಸಿಗಲ್ಲ. ಈ ಹಂತದಲ್ಲಿ 'ಇನ್ನೇನೂ ಮಾಡೋಕಾಗಲ್ಲ' ಅಂತ ಕೈ ಚೆಲ್ಲುವವರೇ ಜಾಸ್ತಿ. ಅದು ತಪ್ಪು ತಿಳಿವಳಿಕೆ. ಡಾಕ್ಟರು ಮೊದಲು ಗಂಟು ಬಿಡಿಸಿ ಮಾಂಸಖಂಡವನ್ನ ಸಡಿಲ ಮಾಡ್ತಾರೆ. ಸಾಲದಿದ್ದರೆ ಟೆಂಡನ್‌ಗೇ 'ವಿ' ಆಕಾರದಲ್ಲಿ ಕೊಯ್ದು, ಕೆಳಕ್ಕೆ ಸರಿಸಿ ಉದ್ದ ಮಾಡ್ತಾರೆ. ಇಲ್ಲವೇ ತೊಡೆಯ ಹಿಂಭಾಗದಿಂದ ಒಂದೆರಡು ತೆಳು ಟೆಂಡನ್ ತೆಗೆದು, ಚಿಪ್ಪಿಗೆ ತೂತು ಹೊಡೆದು ಪೋಣಿಸಿ ಹೊಸ ಹುರಿ ಕಟ್ಟುತ್ತಾರೆ. ಹಿಂಭಾಗದ್ದು ತೆಗೆದರೆ ನಡಿಗೆಗೆ ದೊಡ್ಡ ತೊಂದರೆ ಆಗಲ್ಲ, ಉಳಿದ ಮಾಂಸಖಂಡಗಳು ಆ ಕೆಲಸ ಹಂಚಿಕೊಳ್ಳುತ್ತವೆ.

ಆಪರೇಷನ್ ಮುಗಿದರೆ ಅರ್ಧ ಕೆಲಸ ಅಷ್ಟೆ. ಸಾಮಾನ್ಯವಾಗಿ ಆರು ವಾರ ಕಾಲು ನೆಟ್ಟಗಿರುವಂತೆ ಬ್ರೇಸ್ ಹಾಕಿರುತ್ತಾರೆ, ಡಾಕ್ಟರು ಹೇಳಿದಷ್ಟೇ ನಿಧಾನಕ್ಕೆ ಮಡಚಿಸುತ್ತಾರೆ. ಮೂಟೆ ಹೊರುವವರು, ಅಡಿಕೆ ಮರ ಹತ್ತುವವರು ಕನಿಷ್ಠ ಆರು ತಿಂಗಳು ಆ ಕೆಲಸ ಬಿಡಬೇಕಾದೀತು. ಫಿಸಿಯೋಥೆರಪಿ ತಪ್ಪಿಸಿದರೆ ಮಂಡಿ ಬಿಗಿಯುತ್ತೆ. ಹಳೇ ಗಾಯದಲ್ಲಿ ಕಾಲು ಮೊದಲಿನಷ್ಟೇ ಪೂರ್ತಿ ಮಡಚುತ್ತೆ ಅಂತ ಹೇಳೋಕಾಗಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಕೂರೋದು ಕೆಲವರಿಗೆ ಕಷ್ಟವಾಗೇ ಉಳಿಯುತ್ತೆ. ಆದರೆ ಮಂಡಿ ಕುಸಿಯದೆ ಮೆಟ್ಟಿಲು ಹತ್ತುವುದು, ದಿನವಿಡೀ ಅಂಗಡಿಯಲ್ಲಿ ನಿಲ್ಲುವುದು ಬಹುತೇಕರಿಗೆ ಸಾಧ್ಯ. ಶುಗರ್ ಹಿಡಿತದಲ್ಲಿರದಿದ್ದರೆ ಗಾಯ ಕೀವಾಗುವ ಅಪಾಯ ಹೆಚ್ಚು, ಹಾಗಾಗಿ ಮೊದಲು ಅದನ್ನ ಸರಿ ಮಾಡಿಕೊಳ್ಳಿ.

ಮೊದಲು ಚಿತ್ರದುರ್ಗ ಜಿಲ್ಲಾಸ್ಪತ್ರೆಯ ಮೂಳೆ ವಿಭಾಗದಲ್ಲಿ ತೋರಿಸಿ. ಮುಂದಕ್ಕೆ ಕಳಿಸಿದರೆ ದಾವಣಗೆರೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಬೆಂಗಳೂರಿನ ಜಯನಗರದಲ್ಲಿ ಸರ್ಕಾರದ ಸಂಜಯ್ ಗಾಂಧಿ ಟ್ರಾಮಾ ಮತ್ತು ಮೂಳೆ ಆಸ್ಪತ್ರೆ ಇದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ, ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30 ಸಿಗುತ್ತೆ. ನಿಮಗೆ ಹೇಳಿದ ಆಪರೇಷನ್ ಅದರಲ್ಲಿ ಬರುತ್ತಾ, ರೆಫರಲ್ ಚೀಟಿ ಬೇಕಾ ಅಂತ ಅಡ್ಮಿಟ್ ಆಗೋ ಮುಂಚೆಯೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನ ಕೇಳಿ. ರೇಷನ್ ಕಾರ್ಡ್, ಆಧಾರ್ ಜೊತೆಗೆ ಪೆಟ್ಟಾದ ದಿನದ ಹಳೇ ಎಕ್ಸ್‌ರೇನೂ ತಗೊಂಡು ಹೋಗಿ, ಪೆಟ್ಟಾಗಿ ಎಷ್ಟು ದಿನ ಆಯ್ತು ಅನ್ನೋದರ ಮೇಲೆಯೇ ಯಾವ ಆಪರೇಷನ್ ಅನ್ನೋದು ನಿಂತಿರುತ್ತೆ.