ತಣ್ಣನೆಯ ಕಡಲಿನಲ್ಲಿ ಬೆಚ್ಚಗಿನ ಮೀನು

ಟ್ಯೂನಾ ನಿಮಗೆ ಗೊತ್ತಿರುವ ಮೀನೇ. ಮಂಗಳೂರು ಕಡೆಯವರು ಕೇದಾರ್ ಅನ್ನುತ್ತಾರೆ, ಚೆನ್ನೈಯಲ್ಲಿರುವವರು ಸೂರೈ ಅಂತ ಕೇಳಿ ತರುತ್ತೀರಿ, ಮುಂಬೈಯಲ್ಲಿ ಅದು ಕುಪಾ. ಇಲ್ಲಿ ಹೇಳಹೊರಟಿರುವುದು ಇವುಗಳ ದೊಡ್ಡಣ್ಣ ಅಟ್ಲಾಂಟಿಕ್ ಬ್ಲೂಫಿನ್ ಟ್ಯೂನಾ ಬಗ್ಗೆ. ಇದು ನಮ್ಮ ಅರಬ್ಬಿ ಸಮುದ್ರದಲ್ಲೂ ಇಲ್ಲ, ಬಂಗಾಳ ಕೊಲ್ಲಿಯಲ್ಲೂ ಇಲ್ಲ. ಅಟ್ಲಾಂಟಿಕ್ ಸಾಗರ ಮತ್ತು ಮೆಡಿಟರೇನಿಯನ್ ಸಮುದ್ರವೇ ಇದರ ಮನೆ. ಗಾಳ ಹಾಕುವುದನ್ನೇ ಆಟ ಮಾಡಿಕೊಂಡವರಿಗೆ ಇದಕ್ಕಿಂತ ದೊಡ್ಡ ಸವಾಲು ಕಡಿಮೆ. 1979ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಗಾಳಕ್ಕೆ ಬಿದ್ದ ಒಂದು ಮೀನು 679 ಕೆಜಿ ತೂಗಿತು. ಕೊಬ್ಬಿದ ಕೋಣನ ತೂಕ!

ಇಷ್ಟು ದೊಡ್ಡ ಜೀವದ ಮೊಟ್ಟೆ ಎಷ್ಟು ದೊಡ್ಡದಿರಬಹುದು ಹೇಳಿ? ಒಂದು ಮಿಲಿಮೀಟರ್, ಸಣ್ಣ ಸಾಸಿವೆ ಕಾಳಿನಷ್ಟು. ದೊಡ್ಡ ಹೆಣ್ಣು ಮೀನು ಒಂದು ಋತುವಿನಲ್ಲಿ ಒಂದು ಕೋಟಿಗೂ ಹೆಚ್ಚು ಮೊಟ್ಟೆ ಬಿಡುತ್ತದೆ, ಗಂಡುಗಳು ಅದೇ ನೀರಿಗೆ ವೀರ್ಯ ಬಿಡುತ್ತವೆ. ಗೂಡಿಲ್ಲ, ಕಾವಲಿಲ್ಲ. ಎರಡು ದಿನದ ಒಳಗೆ ಮೊಟ್ಟೆ ಒಡೆದು ಮೂರು ಮಿಲಿಮೀಟರ್ ಉದ್ದದ ಮರಿ ಹೊರಬರುತ್ತದೆ. ಹೊಟ್ಟೆಗೆ ಅಂಟಿಕೊಂಡ ಹಳದಿ ಚೀಲದಲ್ಲಿ ಎರಡು ಮೂರು ದಿನದ ಬುತ್ತಿ ಇರುತ್ತದೆ. ಅದು ಮುಗಿದ ಮೇಲೆ ತಾನೇ ಬೇಟೆಯಾಡಬೇಕು. ಮೊದಲು ಕಣ್ಣಿಗೆ ಕಾಣದಂಥ ಸಣ್ಣ ಜಲಜೀವಿಗಳು, ಆಮೇಲೆ ಬೇರೆ ಮೀನುಗಳ ಮರಿಗಳು, ಸಿಕ್ಕರೆ ಸ್ವಂತ ತಮ್ಮ ತಂಗಿಯರೂ ಸರಿ. ಕೋಟಿಯಲ್ಲಿ ಉಳಿಯುವುದು ಬೆರಳೆಣಿಕೆಯಷ್ಟು. ಉಳಿದದ್ದು ಮಾತ್ರ ಓಟದಲ್ಲಿ ಬೆಳೆಯುತ್ತದೆ: ಒಂದು ವರ್ಷಕ್ಕೆ ನಾಲ್ಕು ಕೆಜಿ ಆಸುಪಾಸು, ಹತ್ತು ವರ್ಷಕ್ಕೆ ಎರಡು ಮೀಟರ್ ಉದ್ದ. ಆಯಸ್ಸು ಮೂವತ್ತೈದು ದಾಟಬಹುದು. ವಯಸ್ಸು ಹೇಗೆ ಗೊತ್ತಾಗುತ್ತದೆ ಅಂತ ಮಕ್ಕಳು ಕೇಳುತ್ತಾರೆ. ಮೀನಿನ ಕಿವಿಯೊಳಗೆ ಒಂದು ಪುಟ್ಟ ಕಲ್ಲಿದೆ, ಅದರಲ್ಲಿ ಮರದ ಕಾಂಡದಲ್ಲಿರುವ ಹಾಗೆ ವರ್ಷಕ್ಕೊಂದು ಉಂಗುರ ಮೂಡುತ್ತದೆ.

ಈಗ ನನಗೆ ಬಹಳ ಇಷ್ಟದ ಭಾಗ. ಮೀನು ಶೀತರಕ್ತದ ಪ್ರಾಣಿ ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ, ಮಾಡಿಸುತ್ತಲೂ ಇದ್ದೇವೆ. ಬ್ಲೂಫಿನ್ ಆ ಪಾಠಕ್ಕೆ ಬಗ್ಗುವುದಿಲ್ಲ. ಸುತ್ತಲಿನ ನೀರಿಗಿಂತ ಅದರ ಮಾಂಸಖಂಡ 20 ಡಿಗ್ರಿಯವರೆಗೂ ಹೆಚ್ಚು ಬೆಚ್ಚಗಿರಬಲ್ಲದು. ಸಾಮಾನ್ಯ ಮೀನಿಗೆ ಯಾಕೆ ಆಗುವುದಿಲ್ಲ? ರಕ್ತ ಉಸಿರಿಗಾಗಿ ಕಿವಿರಿಗೆ ಬಂದಾಗ ತಣ್ಣೀರು ಅದರ ಶಾಖವನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಬ್ಲೂಫಿನ್‌ನಲ್ಲಿ ಮಾಂಸಖಂಡದಿಂದ ವಾಪಸು ಬರುವ ಬಿಸಿ ರಕ್ತದ ನಾಳಗಳು, ಕಿವಿರಿನಿಂದ ಹೋಗುವ ತಣ್ಣನೆಯ ರಕ್ತದ ನಾಳಗಳಿಗೆ ಒತ್ತಿಕೊಂಡೇ ಎದುರು ದಿಕ್ಕಿನಲ್ಲಿ ಸಾಗುತ್ತವೆ. ಅಂಥ ಸಾವಿರಾರು ಕೂದಲೆಳೆಯ ನಾಳಗಳ ಜಾಲ ಅದು. ಬಿಸಿ ಪಕ್ಕದ ನಾಳಕ್ಕೆ ದಾಟಿ ಒಳಗೇ ಮರಳುತ್ತದೆ, ಕಿವಿರಿನವರೆಗೆ ಹೋಗುವುದೇ ಇಲ್ಲ. ವಿಜ್ಞಾನಿಗಳು ಇದಕ್ಕೆ ಲ್ಯಾಟಿನ್‌ನಲ್ಲಿ ಅದ್ಭುತ ಬಲೆ ಎಂಬರ್ಥದ ಹೆಸರಿಟ್ಟಿದ್ದಾರೆ. ಕಣ್ಣು, ಮಿದುಳು ಕೂಡ ಹೀಗೆಯೇ ಬೆಚ್ಚಗಿರುತ್ತವೆ. ಹೃದಯಕ್ಕೆ ಮಾತ್ರ ಈ ಭಾಗ್ಯ ಇಲ್ಲ. ಅದಕ್ಕೆ ಕಿವಿರಿನ ತಣ್ಣನೆಯ ರಕ್ತವೇ ಗತಿ. ಆದರೂ ಒಂದು ಕಿಲೋಮೀಟರ್ ಆಳದ ಕೊರೆಯುವ ನೀರಿಗೆ ಧುಮುಕಿದಾಗ ಅದು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಈಜುವುದೂ ನಿಲ್ಲುವಂತಿಲ್ಲ. ಬಾಯಿ ತೆರೆದು ಮುಂದೆ ಸಾಗಿದರಷ್ಟೇ ಕಿವಿರಿಗೆ ನೀರು ನುಗ್ಗುತ್ತದೆ, ನಿಂತರೆ ಉಸಿರುಗಟ್ಟಿ ಸಾವು.

ಮರಿಗಳಿಗೆ ಈ ಶಾಖ ಹಿಡಿದಿಡುವ ಶಕ್ತಿ ಇರುವುದಿಲ್ಲ. ಹಾಗಾಗಿ ತಣ್ಣೀರಿನಲ್ಲಿ ಮೇಯುವ ತಾಯಿ ಹೆರಿಗೆಗೆ ಬೆಚ್ಚಗಿನ ನೀರನ್ನೇ ಹುಡುಕಿಕೊಂಡು ಹೋಗಬೇಕು. ಹೆಚ್ಚಾಗಿ ಎರಡು ತವರುಗಳು: ಮೆಡಿಟರೇನಿಯನ್ ಮತ್ತು ಮೆಕ್ಸಿಕೋ ಕೊಲ್ಲಿ. ಎರಡೂ ಕಡೆಯ ಮೀನುಗಳು ಅಟ್ಲಾಂಟಿಕ್‌ನಲ್ಲಿ ಒಟ್ಟಿಗೆ ಮೇಯುತ್ತವೆ, ಕೆಲವು ಎರಡು ತಿಂಗಳೊಳಗೆ ಸಾಗರವನ್ನೇ ದಾಟುತ್ತವೆ. ಮೊಟ್ಟೆಯ ಕಾಲ ಬಂದಾಗ ಬಹುಮಟ್ಟಿಗೆ ತಾವು ಹುಟ್ಟಿದ ಕಡೆಗೇ ಹೊರಡುತ್ತವೆ.

ಈ ದಾರಿ ಮನುಷ್ಯನಿಗೆ ಯಾವತ್ತಿನಿಂದಲೋ ಗೊತ್ತು. ಸ್ಪೇನಿನ ದಕ್ಷಿಣ ತೀರದಲ್ಲಿ ವಸಂತಕಾಲದಲ್ಲಿ ಬಲೆಗಳ ಚಕ್ರವ್ಯೂಹ ಕಟ್ಟಿ ಇವನ್ನು ಹಿಡಿಯುತ್ತಾರೆ. ಹೆಸರು ಅಲ್ಮದ್ರಾಬಾ. ಉರ್ದು ಬಲ್ಲವರು ಕಿವಿ ಕೊಡಿ: ಅದು ಅರಬ್ಬಿ ಮಾತು, ಹೊಡೆಯುವ ಜಾಗ ಅಂತ ಅರ್ಥ. ಉರ್ದು ಶಾಲೆಯ ಗುಣಾಕಾರ ಇದೆಯಲ್ಲ, ಜರ್ಬ್, ಅದೇ ಧಾತು. ಸಿಸಿಲಿಯಲ್ಲಿ ಈ ಬೇಟೆಯ ಮುಖಂಡನನ್ನು ರಾಯಿಸ್ ಅನ್ನುತ್ತಿದ್ದರು, ನಮ್ಮ ರಯೀಸ್. ಟ್ಯೂನಾ ಎಂಬ ಪದ ಕೂಡ ಲ್ಯಾಟಿನ್‌ನಿಂದ ಹೊರಟು ಅರಬ್ಬಿಯ ಬಾಯಿ ಹಾದು, ಸ್ಪ್ಯಾನಿಷ್ ಮೂಲಕ ಇಂಗ್ಲಿಷಿಗೆ ಬಂದದ್ದು.

ಆ ಬಲೆ ಮೀನು ಬರುವವರೆಗೆ ಕಾಯುತ್ತಿತ್ತು. ಜಪಾನಿನ ಸುಶಿ ಮಾರುಕಟ್ಟೆಯ ಬೆಲೆ ಏರಿದ ಮೇಲೆ ಬಂದ ದೊಡ್ಡ ದೋಣಿಗಳು ಹಿಂಡನ್ನು ಹುಡುಕಿಕೊಂಡೇ ಹೋಗಿ ಸುತ್ತುಬಲೆ ಹಾಕಿದವು. 2010ರಲ್ಲಿ ದೋಹಾದಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಯಲ್ಲಿ ಇದರ ವ್ಯಾಪಾರವನ್ನೇ ನಿಷೇಧಿಸಬೇಕೆಂದು ಮೊನಾಕೊ ಪ್ರಸ್ತಾವ ತಂದಿತು, ಮತ ಸಿಗಲಿಲ್ಲ. ಆದರೆ ಪೂರ್ವ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್‌ಗೆ 2009ರಲ್ಲಿ 22,000 ಟನ್ ಇದ್ದ ಹಿಡಿಯುವ ಮಿತಿಯನ್ನು 2011ಕ್ಕೆ 12,900 ಟನ್ನಿಗೆ ಇಳಿಸಿದರು. ಅದು ಕೆಲಸ ಮಾಡಿತು. 2021ರಲ್ಲಿ ಈ ಮೀನು ಅಳಿವಿನಂಚಿನ ಕೆಂಪು ಪಟ್ಟಿಯಲ್ಲಿ ಕಡಿಮೆ ಆತಂಕದ ಸಾಲಿಗೆ ಬಂತು, ಮಿತಿಯೂ ಈಗ 40,000 ಟನ್ ದಾಟಿದೆ. ನನ್ನ ಕೇಳಿದರೆ ಇಷ್ಟು ಬೇಗ ಕೈ ಬಿಚ್ಚಬಾರದಿತ್ತು.

ಮೆಕ್ಸಿಕೋ ಕೊಲ್ಲಿಯ ಸಂತತಿಯ ಕಥೆ ಬೇರೆ. ಅದು ಹಳೆಯ ಮಟ್ಟಕ್ಕೆ ಇನ್ನೂ ಮರಳಿಲ್ಲ. 2010ರ ಏಪ್ರಿಲ್‌ನಲ್ಲಿ ಅಲ್ಲಿ ಡೀಪ್‌ವಾಟರ್ ಹೊರೈಜನ್ ತೈಲಬಾವಿ ಸ್ಫೋಟಗೊಂಡು ಎಣ್ಣೆ ಹರಿದದ್ದು ಸರಿಯಾಗಿ ಮೊಟ್ಟೆಯಿಡುವ ತಿಂಗಳುಗಳಲ್ಲಿ. ಕಚ್ಚಾ ಎಣ್ಣೆಯ ಅಂಶಗಳು ಟ್ಯೂನಾದ ಹೃದಯದ ಜೀವಕೋಶಗಳ ಲಯವನ್ನೇ ಕೆಡಿಸುತ್ತವೆ ಅಂತ ಆಮೇಲೆ ಪ್ರಯೋಗಾಲಯದಲ್ಲಿ ಕಂಡುಬಂತು. ಕೊಲ್ಲಿಗೆ ಮೊಟ್ಟೆಯಿಡಲು ಬರುವ ಮೀನುಗಳು ಬಹುಪಾಲು ಎಂಟು ವರ್ಷ ದಾಟಿದವು. ಆ ವರ್ಷ ಹುಟ್ಟಿದ ಮರಿಗಳಲ್ಲಿ ಉಳಿದವು ತಾಯಿಯಾಗಿ ಅದೇ ನೀರಿಗೆ ಮರಳುವ ಹೊತ್ತಿಗೆ ಕ್ಯಾಲೆಂಡರಿನಲ್ಲಿ 2018 ದಾಟಿತ್ತು.