ತವರಿಲ್ಲದವರ ತವರು

ಗಂಡನಿಲ್ಲದ ಹೆಣ್ಣಿಗೆ ದೇವರಾಜ ಮೊಹಲ್ಲಾದಂಥ ಪೇಟೆಯಲ್ಲಿ ಹೊಟ್ಟೆಪಾಡು ಹೇಗೋ ನಡೆದೀತು. ಹೂ ಕಟ್ಟಬಹುದು, ಅಂಗಡಿ ಗುಡಿಸಬಹುದು. ಕಷ್ಟವಾಗುವುದು ಜೂನ್ ಬಂದಾಗ. ಶುಲ್ಕ, ಪುಸ್ತಕ, ಸಮವಸ್ತ್ರ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ. ಆಗ ಶಾಲೆ ಬಿಡುವವಳು ಬಹುಮಟ್ಟಿಗೆ ಹಿರಿಮಗಳೇ.

ಮೈಸೂರಿನ 'ಶಕ್ತಿಧಾಮ' ಹುಟ್ಟಿದ್ದು ಇಂಥ ಸಂಕಟಗಳ ನಡುವೆ. ಡಾ. ರಾಜ್‌ಕುಮಾರ್ ಅವರ ಪತ್ನಿ ಪಾರ್ವತಮ್ಮನವರು ಪೊಲೀಸ್ ಅಧಿಕಾರಿ ಕೆಂಪಯ್ಯನವರ ಜತೆಗೂಡಿ 1990ರ ದಶಕದ ಕೊನೆಯಲ್ಲಿ ಕಟ್ಟಿದ ಆಸರೆಯಿದು. ನೊಂದ ಹೆಂಗಸರಿಗೆ ಸೂರು ಕೊಡುವುದರಿಂದ ತೊಡಗಿದ ಕೆಲಸ ಬರಬರುತ್ತ ಹೆಣ್ಣುಮಕ್ಕಳ ಓದಿಗೂ ಚಾಚಿತು. 2017ರಲ್ಲಿ ಪಾರ್ವತಮ್ಮ ತೀರಿಕೊಂಡರು. ಹೊಣೆ ಸೊಸೆ ಗೀತಾ ಶಿವರಾಜ್‌ಕುಮಾರ್ ಹೆಗಲೇರಿತು. 2022ರಲ್ಲಿ ಶಿವಣ್ಣ ಈ ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ ತಾವೇ ಓಡಿಸಿದ್ದು ಹಲವರಿಗೆ ನೆನಪಿರಬಹುದು.

ಆ ಸವಾರಿ ಒಂದು ದಿನದ್ದು. ಶಾಲೆಯ ದಾರಿ ಹತ್ತು ವರ್ಷದ್ದು. ಅಷ್ಟು ದೂರ ಜತೆಗೆ ನಡೆಯುವವರು ಬೇಕು.